ರೆವಿಟ್ ನಕ್ಷೆಗಳಿಗೆ ಟ್ಯಾಗ್ ಹಾಕುವ ಎಐ ಏಜೆಂಟ್: ಬಳಸಿ ನೋಡಿದ ಮೇಲೆ ಬರೆದ ವಿಮರ್ಶೆ

ಕಟ್ಟಡದ ನಕ್ಷೆಯಲ್ಲಿ ಬಾಗಿಲಿನ ಪಕ್ಕದ ಸಣ್ಣ ವೃತ್ತದೊಳಗೆ ‘ಡಿ2’ ಎಂದು ಬರೆದಿರುವುದನ್ನು ಮನೆ ಕಟ್ಟಿಸುವವರು ಹೆಚ್ಚಾಗಿ ಗಮನಿಸುವುದಿಲ್ಲ. ಆದರೆ ಬಡಗಿ ಚೌಕಟ್ಟು ಮಾಡುವುದು, ಗಾರೆ ಕೆಲಸದವರು ಗೋಡೆಯಲ್ಲಿ ಜಾಗ ಬಿಡುವುದು, ಕಂಟ್ರಾಕ್ಟರು ಬಿಲ್ಲು ಬರೆಯುವುದು, ಇವೆಲ್ಲವೂ ಆ ಗುರುತನ್ನು ಬಾಗಿಲುಗಳ ಪಟ್ಟಿಯ ಜತೆ ತಾಳೆ ನೋಡಿಯೇ ನಡೆಯುತ್ತವೆ. ಡಿ2 ಎಂದರೆ 900 ಮಿ.ಮೀ. ಅಗಲ, ಡಿ3 ಎಂದರೆ 750 ಮಿ.ಮೀ. ಎಂದು ಪಟ್ಟಿಯಲ್ಲಿರುವಾಗ ಮಲಗುವ ಕೋಣೆಯ ಬಾಗಿಲಿನ ಪಕ್ಕ ಡಿ3 ಎಂದು ಬಿದ್ದಿದ್ದರೆ, ತಪ್ಪು ಗೊತ್ತಾಗುವ ಹೊತ್ತಿಗೆ ಗೋಡೆ ಎದ್ದು ನಿಂತಿರುತ್ತದೆ. ಟ್ಯಾಗ್ ಎಂದು ಕರೆಯುವ ಈ ಗುರುತುಗಳನ್ನು ಹಾಕುವುದು ಬೇಸರ ಹುಟ್ಟಿಸುವ ಕೆಲಸ ಎಂಬುದು ನಿಜ, ಆದರೆ ಅದರ ಹೊಣೆ ಸಣ್ಣದಲ್ಲ. ಈ ಕೆಲಸವನ್ನು ಎಐ ಏಜೆಂಟ್‌ಗೆ, ಅಂದರೆ ಸೂಚನೆ ಕೊಟ್ಟರೆ ತಾನೇ ಹೆಜ್ಜೆಗಳನ್ನು ಆರಿಸಿಕೊಂಡು ಕೆಲಸ ಮಾಡುವ ತಂತ್ರಾಂಶಕ್ಕೆ, ಒಪ್ಪಿಸಬಹುದೇ ಎಂಬ ಪ್ರಶ್ನೆಯನ್ನು, ಎಷ್ಟು ಬೇಗ ಮುಗಿಯಿತು ಎನ್ನುವುದಕ್ಕಿಂತ ಟ್ಯಾಗ್ ಎಷ್ಟು ನಿಜ ಹೇಳುತ್ತದೆ ಎಂಬುದರ ಮೇಲೆ ಅಳೆಯಬೇಕೆಂದು ನಾನು ನಂಬಿದ್ದೇನೆ. ಈ ವಿಮರ್ಶೆಯನ್ನು ಬರೆದಿರುವುದೂ ಆ ಅಳತೆಯನ್ನು ಇಟ್ಟುಕೊಂಡೇ.

ನಾನು ಇಲ್ಲಿ ಪರಿಶೀಲಿಸುತ್ತಿರುವುದು ಮೂರು ಭಾಗಗಳ ಒಂದು ಜೋಡಣೆಯನ್ನು. ಮೊದಲನೆಯದು ಆಟೊಡೆಸ್ಕ್ ಸಂಸ್ಥೆಯ ರೆವಿಟ್, ಅಂದರೆ ಕಟ್ಟಡದ ಮೂರು ಆಯಾಮದ ಮಾಡೆಲ್ ಕಟ್ಟಿ ಅದರಿಂದ ನಕ್ಷೆಗಳನ್ನು ತೆಗೆಯುವ ತಂತ್ರಾಂಶ. ಎರಡನೆಯದು ಮಾತಿನಲ್ಲಿ ಕೊಟ್ಟ ಸೂಚನೆಯನ್ನು ಅರ್ಥಮಾಡಿಕೊಂಡು ಕೆಲಸಗಳಾಗಿ ಒಡೆಯುವ ಭಾಷಾ ಮಾದರಿ. ಮೂರನೆಯದು ಇವೆರಡರ ನಡುವೆ ಕೂರುವ, ಉಚಿತವಾಗಿ ಸಿಗುವ ಮುಕ್ತ ಆಕರದ ಸೇತುವೆ ತಂತ್ರಾಂಶ. ಇಂಥ ಸೇತುವೆಗಳು ಈಗ ಹಲವು ಇವೆ ಮತ್ತು ಅವುಗಳ ಒಳರಚನೆ ಹೆಚ್ಚುಕಡಿಮೆ ಒಂದೇ ಬಗೆಯದು. ಆದ್ದರಿಂದ ಯಾವುದೋ ಒಂದರ ಹೆಸರು ಹಿಡಿದು ಹೊಗಳುವ ಅಥವಾ ದೂರುವ ಅಗತ್ಯ ನನಗೆ ಕಾಣುವುದಿಲ್ಲ. ಬೆಂಗಳೂರಿನ ಎಷ್ಟೋ ವಾಸ್ತುಶಿಲ್ಪ ಕಚೇರಿಗಳು ಮತ್ತು ಹೊರದೇಶಗಳ ಸಂಸ್ಥೆಗಳಿಗಾಗಿ ನಕ್ಷೆ ತಯಾರಿಸಿಕೊಡುವ ಬಿಮ್ (ಕಟ್ಟಡದ ಮಾಹಿತಿ ತುಂಬಿದ ಮಾಡೆಲ್ ತಯಾರಿಸುವ) ಕಚೇರಿಗಳು ರೆವಿಟ್ ಬಳಸುತ್ತಿರುವುದರಿಂದ, ಇಲ್ಲಿನ ಓದುಗರಿಗೆ ಈ ಜೋಡಣೆ ನೇರವಾಗಿ ಸಂಬಂಧಿಸಿದ್ದು.

ಏಜೆಂಟ್ ಏನು ಸೇರಿಸುತ್ತದೆ ಎಂದು ನೋಡುವ ಮೊದಲು, ರೆವಿಟ್‌ನಲ್ಲಿ ಈಗಾಗಲೇ ಏನಿದೆ ಎಂಬುದನ್ನು ಹೇಳಬೇಕು. 1997ರಲ್ಲಿ ಚಾರ್ಲ್ಸ್ ರಿವರ್ ಸಾಫ್ಟ್‌ವೇರ್ ಎಂಬ ಹೆಸರಿನಲ್ಲಿ ಆರಂಭವಾದ ಕಂಪನಿಯಿಂದ ಬಂದ ಈ ತಂತ್ರಾಂಶವನ್ನು ಆಟೊಡೆಸ್ಕ್ 2002ರಲ್ಲಿ 13.3 ಕೋಟಿ ಡಾಲರ್ ಕೊಟ್ಟು ಕೊಂಡಿತು. ಇದರ ಮೂಲ ವಿಚಾರ ಅಂದಿಗೂ ಇಂದಿಗೂ ಒಂದೇ: ಮಾಹಿತಿ ಇರುವುದು ಮಾಡೆಲ್‌ನ ಬಾಗಿಲಿನಲ್ಲಿ, ಟ್ಯಾಗ್ ಅದನ್ನು ಓದಿ ತೋರಿಸುತ್ತದೆ ಅಷ್ಟೆ. ಬಾಗಿಲಿನ ಗುಣದಲ್ಲಿ (ಪ್ರಾಪರ್ಟಿ) ಡಿ2 ಎಂದಿದ್ದನ್ನು ಡಿ4 ಎಂದು ಬದಲಿಸಿದರೆ ಆ ಬಾಗಿಲು ಎಷ್ಟು ಹಾಳೆಗಳಲ್ಲಿ ಕಾಣಿಸಿಕೊಂಡಿದೆಯೋ ಅಷ್ಟೂ ಕಡೆ ಟ್ಯಾಗ್ ತಾನಾಗಿಯೇ ಬದಲಾಗುತ್ತದೆ. ಗುಣ ಖಾಲಿಯಿದ್ದರೆ ಟ್ಯಾಗ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಇಡೀ ವ್ಯೂನಲ್ಲಿ (ಮಾಡೆಲ್‌ನ ಒಂದು ನೋಟ, ಉದಾಹರಣೆಗೆ ಒಂದು ಮಹಡಿಯ ನಕ್ಷೆ) ಟ್ಯಾಗ್ ಇಲ್ಲದ ವಸ್ತುಗಳಿಗೆಲ್ಲ ಒಂದೇ ಸಲ ಟ್ಯಾಗ್ ಹಾಕುವ ‘ಟ್ಯಾಗ್ ಆಲ್’ ಎಂಬ ಆಜ್ಞೆಯೂ ಅದರಲ್ಲೇ ಇದೆ. ಅದು ಅತ್ಯಂತ ವೇಗವಾಗಿ ಕೆಲಸ ಮಾಡುತ್ತದೆ. ಆದರೆ ಯಾವ ಬಾಗಿಲಿಗೆ ಟ್ಯಾಗ್ ಬೇಕು, ಯಾವುದಕ್ಕೆ ಬೇಡ, ಯಾವ ಬದಿಗೆ ಇಟ್ಟರೆ ಓದಲು ಅನುಕೂಲ ಎಂಬ ವಿವೇಚನೆ ಅದಕ್ಕಿಲ್ಲ. ಎಲ್ಲ ಟ್ಯಾಗ್‌ಗಳೂ ವಸ್ತುವಿನ ನಿಗದಿತ ಬಿಂದುವಿನಲ್ಲಿ ಬಂದು ಕೂರುತ್ತವೆ, ಆಮೇಲೆ ಒಂದೊಂದನ್ನೂ ಕೈಯಿಂದ ಸರಿಸುತ್ತ ಹೋಗಬೇಕು. ರೆವಿಟ್ ಕೆಲಸಗಳನ್ನು ಸ್ವಯಂಚಾಲಿತಗೊಳಿಸುವ ಸಾಧನಗಳಾದ ಡೈನಮೊದಲ್ಲಿ ಗ್ರಾಫ್ ಬರೆದೋ ಪೈರೆವಿಟ್‌ನಲ್ಲಿ ಸ್ಕ್ರಿಪ್ಟ್ ಬರೆದೋ ಇದನ್ನು ಸುಧಾರಿಸಿಕೊಂಡ ಕಚೇರಿಗಳಿವೆ, ಆದರೆ ಅದಕ್ಕೆ ಪ್ರೋಗ್ರಾಮಿಂಗ್ ಬಲ್ಲವರೊಬ್ಬರು ಕಚೇರಿಯಲ್ಲಿರಬೇಕು.

ಏಜೆಂಟ್ ಜೋಡಣೆ ಈ ಕೊರತೆಯನ್ನು ತುಂಬಲು ಹೊರಟಿದೆ. ಆಂಥ್ರೋಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂಬ ಮುಕ್ತ ಮಾನದಂಡವನ್ನು ಬಿಡುಗಡೆ ಮಾಡಿತು. ಎಂಸಿಪಿ ಎಂದು ಕರೆಯುವ ಈ ಮಾನದಂಡದಲ್ಲಿ, ಒಂದು ತಂತ್ರಾಂಶ ತನ್ನಿಂದ ಏನೇನು ಸಾಧ್ಯ ಎಂಬುದನ್ನು ‘ಟೂಲ್’ಗಳ ಪಟ್ಟಿಯಾಗಿ ಮುಂದಿಡುತ್ತದೆ, ಭಾಷಾ ಮಾದರಿ ಆ ಪಟ್ಟಿಯಿಂದ ತನಗೆ ಬೇಕಾದುದನ್ನು ಆರಿಸಿ ಕರೆಯುತ್ತದೆ. ರೆವಿಟ್ ಸೇತುವೆಗಳಲ್ಲಿ ಈಗಿನ ವ್ಯೂನ ವಿವರ ಕೊಡುವುದು, ವ್ಯೂನಲ್ಲಿರುವ ವಸ್ತುಗಳನ್ನು ಪಟ್ಟಿ ಮಾಡುವುದು, ಗೋಡೆಗಳಿಗೆ ಟ್ಯಾಗ್ ಹಾಕುವುದು, ಗುಣಗಳನ್ನು ಬದಲಿಸುವುದು, ಕೊನೆಗೆ ಏಜೆಂಟ್ ತಾನೇ ಸಿ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಕೋಡನ್ನು ರೆವಿಟ್ ಒಳಗೆ ಓಡಿಸುವುದು, ಹೀಗೆ ಹಲವು ಟೂಲ್‌ಗಳಿರುತ್ತವೆ. ರೆವಿಟ್ ಒಳಗೆ ಒಂದು ಪ್ಲಗಿನ್ (ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಕುಳಿತು ಹೊರಗಿನಿಂದ ಬಂದ ಕೋರಿಕೆಯನ್ನು ಸ್ವೀಕರಿಸುತ್ತದೆ. ಆದರೆ ರೆವಿಟ್‌ನ ಎಪಿಐ, ಅಂದರೆ ಬೇರೆ ತಂತ್ರಾಂಶಗಳು ಅದಕ್ಕೆ ಆಜ್ಞೆ ಕೊಡುವ ದ್ವಾರ, ಹೊರಗಿನ ಕರೆಗಳಿಗೆ ಯಾವಾಗ ಬೇಕೆಂದರೆ ಆವಾಗ ಓಗೊಡುವುದಿಲ್ಲ. ಬಳಕೆದಾರರು ಯಾವುದೇ ಆಜ್ಞೆಯ ನಡುವೆ ಇಲ್ಲದಿದ್ದಾಗ ಮಾತ್ರ ಆ ಕೋರಿಕೆಯ ಸರದಿ ಬರುತ್ತದೆ. ಇದರಿಂದಾಗಿ, ಏಜೆಂಟ್ ಒಂದು ಕಡೆ ಟ್ಯಾಗ್ ಹಾಕುತ್ತಿರಲಿ, ನಾನು ಅದೇ ಫೈಲಿನಲ್ಲಿ ಇನ್ನೊಂದು ಕೆಲಸ ಮುಂದುವರಿಸುತ್ತೇನೆ ಎಂದುಕೊಳ್ಳುವವರಿಗೆ ನಿರಾಶೆಯಾಗುತ್ತದೆ.

ಅಳವಡಿಸುವುದು ಕಷ್ಟವಲ್ಲ, ಆದರೆ ಎರಡು ವಿಷಯಗಳನ್ನು ಮೊದಲೇ ತಿಳಿದಿರಬೇಕು. ಸಣ್ಣ ಕಚೇರಿಗಳು ಬೆಲೆ ಕಡಿಮೆಯೆಂದು ಕೊಳ್ಳುವ, ರೆವಿಟ್‌ನ ಸರಳ ಆವೃತ್ತಿಯಾದ ರೆವಿಟ್ ಎಲ್‌ಟಿಯಲ್ಲಿ ಇಂಥ ಪ್ಲಗಿನ್‌ಗಳು ನಡೆಯುವುದೇ ಇಲ್ಲ. ಹಾಗೆಯೇ ರೆವಿಟ್ 2025ರಿಂದ ಒಳಗಿನ ವೇದಿಕೆ ಮೈಕ್ರೊಸಾಫ್ಟ್‌ನ ಡಾಟ್‌ನೆಟ್ 8ಕ್ಕೆ ಬದಲಾಗಿರುವುದರಿಂದ 2024ಕ್ಕೆಂದು ತಯಾರಾದ ಪ್ಲಗಿನ್ 2025ರಲ್ಲಿ ಹಾಗೆಯೇ ಓಡುತ್ತದೆಂದು ನಂಬುವಂತಿಲ್ಲ, ನಿಮ್ಮ ಆವೃತ್ತಿಗೆ ಹೊಂದುವುದನ್ನೇ ಹಾಕಿಕೊಳ್ಳಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಏಜೆಂಟ್ ನನ್ನ ಮೆಚ್ಚುಗೆ ಗಳಿಸಿದ್ದು ಟ್ಯಾಗ್‌ಗಳನ್ನು ಹಾಳೆಯ ಮೇಲೆ ಇಡುವುದರಲ್ಲಿ ಅಲ್ಲ, ಟ್ಯಾಗ್ ಓದಬೇಕಾದ ಮಾಹಿತಿಯನ್ನು ಸರಿಪಡಿಸುವುದರಲ್ಲಿ. ರೆವಿಟ್‌ನಲ್ಲಿ ಬಾಗಿಲಿಗೆ ಎರಡು ಬಗೆಯ ಗುರುತುಗಳಿವೆ. ‘ಟೈಪ್ ಮಾರ್ಕ್’ ಆ ಬಗೆಯ ಎಲ್ಲ ಬಾಗಿಲುಗಳಿಗೂ ಒಂದೇ, ‘ಮಾರ್ಕ್’ ಪ್ರತಿಯೊಂದು ಬಾಗಿಲಿಗೂ ಬೇರೆ ಬೇರೆ. ನಮ್ಮಲ್ಲಿ ರೂಢಿಯಲ್ಲಿರುವ ಡಿ1, ಡಿ2 (ಬಾಗಿಲು), ಡಬ್ಲ್ಯು1 (ಕಿಟಕಿ), ವಿ1 (ವೆಂಟಿಲೇಟರ್) ಎಂಬುವೆಲ್ಲ ಟೈಪ್ ಮಾರ್ಕ್‌ಗಳು, ಮನೆಯಲ್ಲಿ ನಾಲ್ಕು ಮಲಗುವ ಕೋಣೆಗಳಿದ್ದರೂ ನಾಲ್ಕು ಬಾಗಿಲುಗಳೂ ಡಿ2 ಎಂದೇ ಇರುತ್ತವೆ. ಅಮೆರಿಕದ ಕಚೇರಿ ಕಟ್ಟಡ ಅಥವಾ ಆಸ್ಪತ್ರೆಯ ನಕ್ಷೆಯಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಬಾಗಿಲಿಗೂ ಅದು ಸೇರಿದ ಕೋಣೆಯ ಸಂಖ್ಯೆಯಿಂದ ಗುರುತು ಬರುತ್ತದೆ: 101ನೇ ಕೋಣೆಯ ಬಾಗಿಲು 101, ಅದೇ ಕೋಣೆಗೆ ಎರಡು ಬಾಗಿಲಿದ್ದರೆ 101ಎ ಮತ್ತು 101ಬಿ. ಬೀಗ, ಹಿಡಿಕೆ, ಬೆಂಕಿ ತಡೆಯುವ ಅವಧಿ ಎಲ್ಲವನ್ನೂ ಪಟ್ಟಿಯಲ್ಲಿ ಬಾಗಿಲುವಾರು ಬರೆಯುವುದರಿಂದ ಅಲ್ಲಿ ಈ ಪದ್ಧತಿ ಬೇಕಾಗುತ್ತದೆ. ಬೆಂಗಳೂರಿನ ಒಂದೇ ಕಚೇರಿಯಲ್ಲಿ ಬೆಳಿಗ್ಗೆ ಒಂದು ಪದ್ಧತಿ, ಮಧ್ಯಾಹ್ನ ಇನ್ನೊಂದು ಪದ್ಧತಿ ನಡೆಯುವುದುಂಟು, ಮತ್ತು ರೆವಿಟ್ ಬಾಗಿಲು ಇಟ್ಟ ಕ್ರಮದಲ್ಲಿ ತಾನಾಗಿಯೇ ಏರುತ್ತ ಹೋಗುವ ಸಂಖ್ಯೆಯನ್ನು ಮಾರ್ಕ್‌ನಲ್ಲಿ ತುಂಬಿಬಿಡುವುದರಿಂದ ಎರಡೂ ಪದ್ಧತಿಗಳಲ್ಲಿ ಅದು ಅರ್ಥವಿಲ್ಲದ ಸಂಖ್ಯೆಯಾಗಿ ಉಳಿಯುತ್ತದೆ.

ಈ ನಿಯಮವನ್ನು ಏಜೆಂಟ್‌ಗೆ ಮಾತಿನಲ್ಲಿ ಹೇಳಬಹುದು. ‘ಕಾರಿಡಾರ್‌ನಿಂದ ಕೋಣೆಗೆ ಹೋಗುವ ಬಾಗಿಲಿಗೆ ಕೋಣೆಯ ಸಂಖ್ಯೆ ಕೊಡು, ಕಾರಿಡಾರ್‌ನ ಸಂಖ್ಯೆ ಕೊಡಬೇಡ, ಎರಡು ಕೋಣೆಗಳ ನಡುವಿನ ಬಾಗಿಲಾದರೆ ಅದು ತೆರೆದುಕೊಳ್ಳುವ ಕಡೆಯ ಕೋಣೆಯನ್ನು ಲೆಕ್ಕಕ್ಕೆ ಹಿಡಿ, ಒಂದೇ ಕೋಣೆಗೆ ಒಂದಕ್ಕಿಂತ ಹೆಚ್ಚು ಬಾಗಿಲಿದ್ದರೆ ಮುಖ್ಯ ಪ್ರವೇಶದಿಂದ ಪ್ರದಕ್ಷಿಣೆಯಾಗಿ ಎ, ಬಿ, ಸಿ ಎಂದು ಕೊಡು’ ಎಂದು ಬರೆದರೆ, ಅದು ಬಾಗಿಲಿನ ‘ಫ್ರಮ್ ರೂಮ್’ ಮತ್ತು ‘ಟು ರೂಮ್’ ಎಂಬ ಎರಡು ಗುಣಗಳನ್ನು ಓದಿ, ಕೋಣೆಯ ಹೆಸರಿನಲ್ಲಿ ಕಾರಿಡಾರ್, ಲಾಬಿ, ಪ್ಯಾಸೇಜ್ ಎಂಬ ಮಾತುಗಳಿವೆಯೇ ಎಂದು ನೋಡಿ, ಪ್ರಸ್ತಾವಿತ ಸಂಖ್ಯೆಗಳ ಪಟ್ಟಿಯೊಂದನ್ನು ಕೊಡುತ್ತದೆ. ‘ಟ್ಯಾಗ್ ಆಲ್’ನಿಂದ ಇದು ಸಾಧ್ಯವಿಲ್ಲ. ಸ್ಕ್ರಿಪ್ಟ್‌ನಿಂದ ಸಾಧ್ಯ, ಆದರೆ ಕೋಣೆಗೆ ಯಾರಾದರೂ ‘ಕಾರಿಡಾರ್’ ಬದಲು ‘ಸರ್ಕ್ಯುಲೇಷನ್’ ಎಂದು ಹೆಸರಿಟ್ಟಿದ್ದರೆ ಸ್ಕ್ರಿಪ್ಟ್ ಮುಗ್ಗರಿಸುತ್ತದೆ. ಭಾಷಾ ಮಾದರಿಗೆ ಅವೆರಡೂ ಒಂದೇ ಬಗೆಯ ಜಾಗ ಎಂಬುದು ತಿಳಿಯುತ್ತದೆ. ಮಾನವರ ಬರವಣಿಗೆಯ ಏರುಪೇರನ್ನು ಸಹಿಸಿಕೊಳ್ಳುವ ಈ ಗುಣವೇ ಏಜೆಂಟ್‌ನ ನಿಜವಾದ ಬಲ ಎನ್ನುವುದು ನನ್ನ ಅಭಿಪ್ರಾಯ.

ಇಲ್ಲಿಯೂ ಒಂದು ಎಚ್ಚರ ಬೇಕು. ಫ್ರಮ್ ರೂಮ್ ಮತ್ತು ಟು ರೂಮ್‌ಗಳನ್ನು ಬಾಗಿಲಿನ ಚಿತ್ರವನ್ನು ಮುಟ್ಟದೆಯೇ ಅದಲುಬದಲು ಮಾಡಲು ರೆವಿಟ್ ಅವಕಾಶ ಕೊಡುತ್ತದೆ. ಹಾಗಾಗಿ ನಕ್ಷೆಯಲ್ಲಿ ಬಾಗಿಲು ಒಳಕ್ಕೆ ತೆರೆದಂತೆ ಕಂಡರೂ ಮಾಹಿತಿಯಲ್ಲಿ ಅದು ತದ್ವಿರುದ್ಧವಾಗಿರಬಹುದು. ಕೋಣೆಯ ಗಡಿ ಎಲ್ಲೋ ಮುಚ್ಚಿಕೊಳ್ಳದೆ ಉಳಿದಿದ್ದರೆ ಈ ಗುಣಗಳು ಖಾಲಿಯೇ ಬರುತ್ತವೆ. ಖಾಲಿ ಬಂದಾಗ ಏಜೆಂಟ್ ಏನು ಮಾಡಬೇಕೆಂದು ಮೊದಲೇ ಹೇಳದಿದ್ದರೆ, ಅದು ಪಕ್ಕದ ಬಾಗಿಲಿನ ಸಂಖ್ಯೆಯನ್ನು ನೋಡಿ ಊಹೆಯಿಂದ ಏನನ್ನೋ ತುಂಬುವ ಸಾಧ್ಯತೆಯಿದೆ, ಮತ್ತು ಊಹೆಯಿಂದ ತುಂಬಿದ ಸಂಖ್ಯೆ ನೋಡಲು ಸರಿಯಾದ ಸಂಖ್ಯೆಯಂತೆಯೇ ಇರುತ್ತದೆ. ಪ್ರಶ್ನಾರ್ಥಕ ಚಿಹ್ನೆ ಇದ್ದ ಟ್ಯಾಗ್ ಪರಿಶೀಲಕರ ಕಣ್ಣಿಗೆ ಬೀಳುತ್ತದೆ, 114ಬಿ ಎಂದು ಅಚ್ಚುಕಟ್ಟಾಗಿ ಬರೆದ ತಪ್ಪು ಟ್ಯಾಗ್ ಬೀಳುವುದಿಲ್ಲ. ಆದ್ದರಿಂದ ‘ತಿಳಿಯದಿದ್ದರೆ ಖಾಲಿ ಬಿಡು, ಅಂಥವುಗಳ ಪಟ್ಟಿ ಕೊಡು’ ಎಂಬ ಸೂಚನೆಯನ್ನು ಪ್ರತಿ ಸಲವೂ ಸೇರಿಸಬೇಕೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಇನ್ನು ಟ್ಯಾಗ್‌ಗಳನ್ನು ಹಾಳೆಯ ಮೇಲೆ ಇಡುವ ವಿಚಾರ. ಇಲ್ಲಿ ಏಜೆಂಟ್‌ನ ಸಾಧನೆ ಸಾಧಾರಣ, ಅದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ಟ್ಯಾಗ್‌ನ ಗಾತ್ರ ಕಾಗದದ ಅಳತೆಯಲ್ಲಿರುತ್ತದೆ, ಕಟ್ಟಡದ ಗಾತ್ರ ನಿಜದ ಅಳತೆಯಲ್ಲಿರುತ್ತದೆ. 8 ಮಿ.ಮೀ. ವ್ಯಾಸದ ವೃತ್ತದ ಟ್ಯಾಗ್ 1:100 ಪ್ರಮಾಣದ ನಕ್ಷೆಯಲ್ಲಿ 800 ಮಿ.ಮೀ. ಜಾಗ ಹಿಡಿಯುತ್ತದೆ, ಅಂದರೆ 750 ಮಿ.ಮೀ. ಅಗಲದ ಟಾಯ್ಲೆಟ್ ಬಾಗಿಲಿಗಿಂತ ಅದರ ಟ್ಯಾಗೇ ದೊಡ್ಡದು. ಅಪಾರ್ಟ್‌ಮೆಂಟಿನ ಲಿಫ್ಟ್ ಲಾಬಿಯನ್ನು ತೆಗೆದುಕೊಳ್ಳಿ. ಮೂರು ಮೀಟರ್ ಉದ್ದದ ಗೋಡೆಯ ಆಸುಪಾಸಿನಲ್ಲಿ ಮೆಟ್ಟಿಲಿನ ಅಗ್ನಿನಿರೋಧಕ ಬಾಗಿಲು, ವಿದ್ಯುತ್ ಡಕ್ಟ್, ನೀರಿನ ಡಕ್ಟ್, ಅಗ್ನಿಶಾಮಕ ಕೊಳವೆಯ ಡಕ್ಟ್ ಹೀಗೆ ಐದು ಬಾಗಿಲುಗಳಿದ್ದರೆ, ಕಾಗದದ ಮೇಲೆ ಆ ಗೋಡೆ ಬರೇ 30 ಮಿ.ಮೀ., ಐದು ಟ್ಯಾಗ್‌ಗಳಿಗೆ ಬೇಕಾದದ್ದು 40 ಮಿ.ಮೀ. ಒಂದೇ ಸಾಲಿನಲ್ಲಿ ಅವು ಯಾರು ಇಟ್ಟರೂ ಹಿಡಿಯುವುದಿಲ್ಲ. ಅನುಭವಿ ಡ್ರಾಫ್ಟ್ಸ್‌ಮನ್ ಒಬ್ಬರು ಇಂಥಲ್ಲಿ ಟ್ಯಾಗನ್ನು ಅದರ ಬಾಗಿಲಿಗೆ ಜೋಡಿಸುವ ಲೀಡರ್ ಗೆರೆ ಎಳೆದು ಟ್ಯಾಗ್‌ಗಳನ್ನು ಹೊರಗಿಡುತ್ತಾರೆ, ಇಲ್ಲವೇ ಲಿಫ್ಟ್ ಕೋರ್‌ನ 1:50 ನಕ್ಷೆಯಲ್ಲಿ ಅದೇ ಗೋಡೆ 60 ಮಿ.ಮೀ. ಆಗುವುದರಿಂದ ಆ ಟ್ಯಾಗ್‌ಗಳನ್ನು ಅಲ್ಲಿಗೆ ಬಿಟ್ಟು ಇಲ್ಲಿ ‘ವಿವರ ನಕ್ಷೆ ನೋಡಿ’ ಎಂದು ಬರೆಯುತ್ತಾರೆ. ಏಜೆಂಟ್‌ಗೆ ಈ ನಿರ್ಧಾರ ತಾನಾಗಿ ಹೊಳೆಯುವುದಿಲ್ಲ. ಹೇಳಿಕೊಟ್ಟರೆ ಪಾಲಿಸುತ್ತದೆ.

ನಕ್ಷೆಯ ಮೇಲೆ ಹೆಸರುಗಳು ಒಂದರ ಮೇಲೊಂದು ಬೀಳದಂತೆ ಇಡುವುದು ಕಟ್ಟಡ ವಿನ್ಯಾಸಕ್ಕಿಂತ ಹಳೆಯದಾದ ಭೂಪಟ ತಯಾರಕರ ಸಮಸ್ಯೆ. ಬಿಂದುಗಳು ಹೆಚ್ಚಿದಂತೆ ಅತ್ಯುತ್ತಮ ಜೋಡಣೆಯನ್ನು ಹುಡುಕುವುದು ಗಣಕಕ್ಕೂ ದುಸ್ತರವೆಂದು, ಅಂದರೆ ಅದು ಎನ್‌ಪಿ-ಹಾರ್ಡ್ ವರ್ಗಕ್ಕೆ ಸೇರುತ್ತದೆಂದು, ಗಣಕ ವಿಜ್ಞಾನಿಗಳು 1990ರ ದಶಕದ ಆರಂಭದಲ್ಲೇ ತೋರಿಸಿದ್ದಾರೆ. ಭಾಷಾ ಮಾದರಿಗೆ ಕೊಟ್ಟ ಮಾತ್ರಕ್ಕೆ ಆ ಕಷ್ಟ ಮಾಯವಾಗುವುದಿಲ್ಲ. ಅದರ ಮೇಲೆ, ಏಜೆಂಟ್ ಸಾಮಾನ್ಯವಾಗಿ ಹಾಳೆಯನ್ನು ಕಣ್ಣಿನಿಂದ ನೋಡುತ್ತಿಲ್ಲ, ವಸ್ತುಗಳ ನಿರ್ದೇಶಾಂಕಗಳನ್ನು ಸಂಖ್ಯೆಗಳಾಗಿ ಓದುತ್ತಿರುತ್ತದೆ. ಟ್ಯಾಗ್ ಹಿಡಿಯುವ ಜಾಗವನ್ನು ರೆವಿಟ್‌ನಿಂದ ಕೇಳಿದರೆ ಬರುವ ಚೌಕದಲ್ಲಿ ಲೀಡರ್ ಗೆರೆಯೂ ಸೇರಿಕೊಂಡಿರುತ್ತದೆ. ಉದ್ದ ಲೀಡರ್ ಇರುವ ಟ್ಯಾಗ್ ಹಾಗಾಗಿ ಇಲ್ಲದ ಜಾಗವನ್ನೆಲ್ಲ ತನ್ನದೆಂದು ತೋರಿಸುತ್ತದೆ. ತಾತ್ಕಾಲಿಕವಾಗಿ ಲೀಡರ್ ತೆಗೆದು, ಅಳತೆ ಪಡೆದು, ಆ ಬದಲಾವಣೆಯನ್ನು ಹಿಂದೆಗೆದುಕೊಳ್ಳುವುದು ಪ್ಲಗಿನ್ ಬರೆಯುವವರಿಗೆ ಗೊತ್ತಿರುವ ಉಪಾಯ. ಸೇತುವೆಯ ಟೂಲ್‌ನಲ್ಲಿ ಅದನ್ನು ಅಳವಡಿಸಿದ್ದಾರೆಯೇ ಎಂದು ಬಳಸುವವರು ಕೇಳಲೇಬೇಕಾದ ಪ್ರಶ್ನೆ ಇದು.

ಅಳತೆಯ ಏಕಮಾನದ ವಿಷಯವನ್ನೂ ಹೇಳಬೇಕು. ನಾವು ಮಿ.ಮೀ. ಆರಿಸಿಕೊಂಡಿದ್ದರೂ ರೆವಿಟ್ ಒಳಗೊಳಗೆ ಎಲ್ಲ ಉದ್ದಗಳನ್ನೂ ಅಡಿಗಳಲ್ಲಿ ಇಟ್ಟುಕೊಂಡಿರುತ್ತದೆ. ಟ್ಯಾಗನ್ನು 800 ಮಿ.ಮೀ. ಸರಿಸಬೇಕೆಂದರೆ ಕೋಡ್‌ನಲ್ಲಿ 2.62 ಎಂದು ಕೊಡಬೇಕು. ಏಜೆಂಟ್ ಬರೆದ ಕೋಡ್ ಈ ಪರಿವರ್ತನೆಯನ್ನು ಮರೆತು 800 ಎಂದೇ ಕೊಟ್ಟರೆ ಟ್ಯಾಗ್ ಸುಮಾರು 244 ಮೀಟರ್ ದೂರ ಹೋಗಿ ಕೂರುತ್ತದೆ. ಆಗ ಇನ್ನೂ ಕೆಟ್ಟ ಪರಿಣಾಮವೊಂದಿದೆ: ವ್ಯೂನಲ್ಲಿ ಟಿಪ್ಪಣಿಗಳು ಕಾಣಿಸುವ ಎಲ್ಲೆಯಾದ ‘ಅನೋಟೇಶನ್ ಕ್ರಾಪ್’ನ ಗಡಿಯಾಚೆ ಹೋದ ಟ್ಯಾಗ್ ಹಾಳೆಯ ಮೇಲೆ ಕಾಣಿಸುವುದಿಲ್ಲ, ಆದರೆ ಫೈಲಿನಲ್ಲಿ ಇರುತ್ತದೆ. ಟ್ಯಾಗ್ ಇಲ್ಲದ ಬಾಗಿಲು ಯಾವುದೂ ಇಲ್ಲವೆಂದು ಏಜೆಂಟ್ ವರದಿ ಕೊಡುತ್ತದೆ, ಹಾಳೆ ಖಾಲಿಯಿರುತ್ತದೆ, ಆ ವರದಿಯಲ್ಲಿ ಸುಳ್ಳೂ ಇರುವುದಿಲ್ಲ.

ಆದ್ದರಿಂದ ಕೆಲಸ ಮುಗಿಯಿತೆಂದು ಏಜೆಂಟ್ ಹೇಳುವ ಮಾತನ್ನು ಪ್ರಮಾಣವಾಗಿ ತೆಗೆದುಕೊಳ್ಳಬಾರದು. ನಾನು ಅನುಸರಿಸುವ ಪರಿಶೀಲನೆ ಹೀಗಿದೆ. ಬಾಗಿಲುಗಳ ಶೆಡ್ಯೂಲ್‌ನಲ್ಲಿರುವ (ಪಟ್ಟಿ) ಬಾಗಿಲುಗಳ ಸಂಖ್ಯೆಯನ್ನೂ ವ್ಯೂನಲ್ಲಿ ಟ್ಯಾಗ್ ಆದ ಬಾಗಿಲುಗಳ ಸಂಖ್ಯೆಯನ್ನೂ ಏಜೆಂಟ್‌ನಿಂದಲ್ಲದೆ ರೆವಿಟ್‌ನಿಂದಲೇ ಪ್ರತ್ಯೇಕವಾಗಿ ತೆಗೆದು ತಾಳೆ ನೋಡುತ್ತೇನೆ. ಪ್ರತಿ ಟ್ಯಾಗೂ ತನ್ನ ಬಾಗಿಲಿನಿಂದ ಕಾಗದದ ಅಳತೆಯಲ್ಲಿ ಇಂತಿಷ್ಟೇ ದೂರದೊಳಗಿದೆಯೇ ಎಂದು ನೋಡುವ ಸಣ್ಣ ಸ್ಕ್ರಿಪ್ಟನ್ನು ಓಡಿಸುತ್ತೇನೆ. ಕೊನೆಯಲ್ಲಿ ಹಾಳೆಯನ್ನು ಪೂರ್ಣ ಗಾತ್ರದಲ್ಲಿ ಮುದ್ರಿಸಿ, ಹಳದಿ ಹೈಲೈಟರ್ ಹಿಡಿದು ಒಂದೊಂದೇ ಬಾಗಿಲನ್ನು ಗುರುತು ಮಾಡುತ್ತ ಹೋಗುತ್ತೇನೆ. ಪರದೆಯಲ್ಲಿ ಕಾಣದ ಎಷ್ಟೋ ದೋಷಗಳು ಕಾಗದದ ಮೇಲೆ ಕಾಣುತ್ತವೆ. ಸೈಟಿನಲ್ಲಿ ಓದುವುದೂ ಕಾಗದವನ್ನೇ. ಕೆಲವು ಸೇತುವೆಗಳು ವ್ಯೂನ ಚಿತ್ರವನ್ನು ಏಜೆಂಟ್‌ಗೆ ಕಳುಹಿಸಿ ಅದರಿಂದಲೇ ತಪ್ಪು ಹುಡುಕಿಸುತ್ತವೆ. ದೊಡ್ಡದಾಗಿ ಎದ್ದು ಕಾಣುವ ಘರ್ಷಣೆಗಳನ್ನು ಅದು ಹಿಡಿಯುತ್ತದೆ. ಎ1 ಹಾಳೆಯ ಮೇಲಿನ 2 ಮಿ.ಮೀ. ಅಕ್ಷರ ಗೋಡೆಯ ಗೆರೆಯನ್ನು ತಾಗುತ್ತಿದೆಯೇ ಎಂಬ ಸೂಕ್ಷ್ಮವನ್ನು ಹೇಳಲು ಅದರಿಂದ ಆಗುವುದಿಲ್ಲ.

ಬಳಸುವ ವಿಧಾನದ ಬಗ್ಗೆ ನನ್ನ ನಿಲುವು ಸ್ಪಷ್ಟವಾಗಿದೆ. ಪ್ರತಿ ಸಲವೂ ಏಜೆಂಟ್ ಹೊಸದಾಗಿ ಕೋಡ್ ಬರೆದು ಓಡಿಸುವ ಟೂಲನ್ನು ದಿನನಿತ್ಯದ ಕೆಲಸಕ್ಕೆ ತೆರೆದಿಡಬಾರದು. ಒಂದೇ ಸೂಚನೆಯನ್ನು ಎರಡು ಮಹಡಿಗಳಿಗೆ ಕೊಟ್ಟಾಗ ಎರಡು ಬಗೆಯ ಕೋಡ್ ಬಂದು, ಒಂದು ಮಹಡಿಯಲ್ಲಿ ಟ್ಯಾಗ್‌ಗಳು ಗೋಡೆಯ ಒಳಬದಿಗೂ ಇನ್ನೊಂದರಲ್ಲಿ ಹೊರಬದಿಗೂ ಕೂರಬಹುದು. ಒಂದೇ ಸೆಟ್‌ನ ಹಾಳೆಗಳಲ್ಲಿ ಇಂಥ ವ್ಯತ್ಯಾಸ ಬಂದರೆ ನೋಡಿದವರಿಗೆ ಇಡೀ ನಕ್ಷೆಯ ಮೇಲೆ ನಂಬಿಕೆ ಹೋಗುತ್ತದೆ. ಅದಕ್ಕಿಂತ ಒಳ್ಳೆಯ ದಾರಿಯಿದೆ. ಟ್ಯಾಗ್ ಇಡುವ ಕ್ರಮವನ್ನು ಏಜೆಂಟ್‌ನ ನೆರವಿನಿಂದಲೇ ಒಮ್ಮೆ ಬರೆಸಿ, ಕಚೇರಿಯಲ್ಲಿ ಬಲ್ಲವರು ಓದಿ ತಿದ್ದಿ, ಪೈರೆವಿಟ್‌ನ ಬಟನ್ ಆಗಿಯೋ ಸೇತುವೆಯ ಸ್ಥಿರ ಟೂಲ್ ಆಗಿಯೋ ಉಳಿಸಿಕೊಳ್ಳಬೇಕು. ಆಮೇಲೆ ಏಜೆಂಟ್‌ನ ಪಾಲಿಗೆ ಉಳಿಯುವುದು ಯಾವ ವ್ಯೂ, ಯಾವ ವಸ್ತುಗಳು, ಯಾವ ನಿಯಮ ಎಂಬ ಆಯ್ಕೆ ಮಾತ್ರ. ಆಯ್ಕೆಯಲ್ಲಿ ಭಾಷೆಯ ತಿಳಿವಳಿಕೆ ಬೇಕು, ಅದು ಅದಕ್ಕಿದೆ. ಇಡುವುದರಲ್ಲಿ ಒಂದೇ ಬಗೆಯ ಶಿಸ್ತು ಬೇಕು, ಅದು ಸ್ಥಿರ ಕೋಡ್‌ಗಿದೆ. ಜತೆಗೆ, ಒಂದು ಸೂಚನೆಯಿಂದ ಆದ ಎಲ್ಲ ಬದಲಾವಣೆಗಳನ್ನೂ ಸೇತುವೆ ಒಂದೇ ಗುಂಪಾಗಿ ಕಟ್ಟಿಡಬೇಕು, ಹಾಗಿದ್ದರೆ ಒಂದೇ ಅನ್‌ಡೂನಿಂದ ಎಲ್ಲವನ್ನೂ ಹಿಂದಕ್ಕೆ ತರಬಹುದು. ರೆವಿಟ್ ಎಪಿಐ ಇದಕ್ಕೆ ಅವಕಾಶ ಕೊಟ್ಟಿದೆ, ಆದರೂ ಎಲ್ಲ ಸೇತುವೆಗಳೂ ಬಳಸಿಕೊಂಡಿಲ್ಲ.

ಕೆಲವು ಮಿತಿಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕೋಣೆಯ ಟ್ಯಾಗ್ ರೆವಿಟ್ ಒಳಗೆ ಬಾಗಿಲಿನ ಟ್ಯಾಗ್‌ಗಿಂತ ಬೇರೆಯೇ ಜಾತಿಯದು, ಒಂದಕ್ಕೆ ಬರೆದ ಟೂಲ್ ಇನ್ನೊಂದಕ್ಕೆ ಒದಗುವುದಿಲ್ಲ. ಲಿಂಕ್ ಮಾಡಿದ ಫೈಲಿನಲ್ಲಿರುವ ವಸ್ತುಗಳು ಪ್ರತ್ಯೇಕವಾಗಿ ಕೇಳದ ಹೊರತು ಎಣಿಕೆಗೆ ಬರುವುದಿಲ್ಲ. ಸ್ಟ್ರಕ್ಚರಲ್ ಕಂಬಗಳು ಬೇರೆ ಫೈಲಿನಲ್ಲಿರುವ ಯೋಜನೆಗಳಲ್ಲಿ ಇದನ್ನು ಮರೆತರೆ ಒಂದು ಕಂಬಕ್ಕೂ ಟ್ಯಾಗ್ ಬಿದ್ದಿರುವುದಿಲ್ಲ. ಹಲವರು ಒಂದೇ ಸೆಂಟ್ರಲ್ ಫೈಲಿನಲ್ಲಿ (ಎಲ್ಲರೂ ಹಂಚಿಕೊಳ್ಳುವ ಮುಖ್ಯ ಫೈಲು) ಕೆಲಸ ಮಾಡುತ್ತಿರುವಾಗ ಏಜೆಂಟ್ ಬದಲಿಸಿದ ಬಾಗಿಲುಗಳೆಲ್ಲ ಅದನ್ನು ಓಡಿಸಿದವರ ಹೆಸರಿಗೆ ಎರವಲಾಗಿ, ಸಿಂಕ್ ಮಾಡುವವರೆಗೆ ಉಳಿದವರಿಗೆ ಸಿಗುವುದಿಲ್ಲ. ಹಾಗಾಗಿ ಮೊದಲ ಪ್ರಯೋಗಗಳನ್ನೆಲ್ಲ ಸೆಂಟ್ರಲ್‌ನಿಂದ ಬೇರ್ಪಡಿಸಿದ ಪ್ರತಿಯಲ್ಲೇ ಮಾಡುವುದು ಕ್ಷೇಮ.

ಗೋಪ್ಯತೆಯ ವಿಷಯವನ್ನು ಮಾತ್ರ ಚುಟುಕಾಗಿ ಬಿಡುವಂತಿಲ್ಲ. ಏಜೆಂಟ್‌ಗೆ ‘ಈ ವ್ಯೂನ ಬಾಗಿಲುಗಳನ್ನು ಪಟ್ಟಿ ಮಾಡು’ ಎಂದೊಡನೆ ಕೋಣೆಗಳ ಹೆಸರು, ಅಳತೆ, ಕೆಲವೊಮ್ಮೆ ಯೋಜನೆಯ ವಿಳಾಸ ಎಲ್ಲವೂ ಭಾಷಾ ಮಾದರಿ ಇರುವ ದೂರದ ಸರ್ವರ್‌ಗೆ ಹೋಗುತ್ತವೆ. ಗ್ರಾಹಕರೊಂದಿಗೆ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿರುವ ಕಚೇರಿ ಇದನ್ನು ಕೇಳದೆ ಮಾಡುವುದು ಸರಿಯಲ್ಲ. ಬ್ಯಾಂಕು, ಡೇಟಾ ಸೆಂಟರ್, ರಕ್ಷಣಾ ಇಲಾಖೆಯ ಕಟ್ಟಡಗಳಲ್ಲಿ ಬಾಗಿಲು ಎಲ್ಲಿದೆ, ಬೀಗ ಯಾವ ಬಗೆಯದು ಎಂಬುದೇ ಕಾಪಾಡಬೇಕಾದ ಮಾಹಿತಿ. ಲಿಖಿತ ಒಪ್ಪಿಗೆ ಪಡೆಯುವುದು, ಇಲ್ಲವೇ ಕಚೇರಿಯೊಳಗಿನ ಯಂತ್ರದಲ್ಲೇ ಓಡುವ ಮಾದರಿಯನ್ನು ಬಳಸುವುದು, ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಖರ್ಚಿನ ಲೆಕ್ಕದಲ್ಲಿ ಸೇತುವೆ ಉಚಿತವಾದರೂ ದೂರದ ಸರ್ವರ್‌ನ ಭಾಷಾ ಮಾದರಿ ಸಾಮಾನ್ಯವಾಗಿ ಉಚಿತವಲ್ಲ, ಅದು ಓದಿದ್ದಕ್ಕೂ ಬರೆದದ್ದಕ್ಕೂ ಲೆಕ್ಕವಿದೆ. ಇಡೀ ಮಾಡೆಲ್‌ನ ವಸ್ತುಗಳನ್ನು ಒಟ್ಟಿಗೆ ಪಟ್ಟಿ ಮಾಡಿಸಿದರೆ ಖರ್ಚೂ ಏರುತ್ತದೆ, ಮಾದರಿಯ ಗಮನವೂ ಚದುರುತ್ತದೆ. ಒಂದು ಮಹಡಿ, ಒಂದು ಬಗೆಯ ವಸ್ತು ಎಂದು ಸೀಮಿತಗೊಳಿಸಿ ಕೇಳಿದಾಗ ಉತ್ತರದ ಗುಣಮಟ್ಟ ಕಣ್ಣಿಗೆ ಕಾಣುವಷ್ಟು ಸುಧಾರಿಸುತ್ತದೆ. ಸೂಚನೆಯನ್ನು ಕನ್ನಡದಲ್ಲಿ ಕೊಟ್ಟರೂ ಏಜೆಂಟ್ ಅರ್ಥಮಾಡಿಕೊಳ್ಳುತ್ತದೆಂಬುದು ನನಗೆ ಸಂತೋಷ ಕೊಟ್ಟ ಸಂಗತಿ. ಮೇಲೆ ಬರೆದ ಬಾಗಿಲು ಸಂಖ್ಯೆಯ ನಿಯಮವನ್ನು ಕನ್ನಡದಲ್ಲೇ ಕೊಡಬಹುದು. ಗುಣಗಳ ಹೆಸರನ್ನು ಮಾತ್ರ ರೆವಿಟ್‌ನಲ್ಲಿ ಇರುವ ಹಾಗೆಯೇ ಬರೆಯಬೇಕು. ಅದೇ ಮಾತಿಗೆ ಇಂಗ್ಲಿಷ್‌ಗಿಂತ ಕನ್ನಡದಲ್ಲಿ ಹೆಚ್ಚು ಟೋಕನ್‌ಗಳು (ಮಾದರಿ ಪಠ್ಯವನ್ನು ಒಡೆದು ಲೆಕ್ಕಹಾಕುವ ತುಣುಕುಗಳು) ಖರ್ಚಾಗುತ್ತವೆ, ಆದರೆ ಮಾಡೆಲ್‌ನ ಪಟ್ಟಿಗಳ ಗಾತ್ರದ ಮುಂದೆ ಆ ವ್ಯತ್ಯಾಸ ಗಣನೆಗೆ ಬರುವಷ್ಟಿಲ್ಲ. ತಾಂತ್ರಿಕ ಇಂಗ್ಲಿಷ್‌ನಲ್ಲಿ ಬರೆಯಲು ಹಿಂಜರಿಯುವ, ಆದರೆ ನಕ್ಷೆಯನ್ನು ಚೆನ್ನಾಗಿ ಬಲ್ಲ ಹಿರಿಯ ಡ್ರಾಫ್ಟ್ಸ್‌ಮನ್‌ಗಳ ಅನುಭವ ಇದರಿಂದ ಉಪಯೋಗಕ್ಕೆ ಬರಬಹುದು. ಟ್ಯಾಗ್ ಎಲ್ಲಿ ಕೂರಬೇಕು ಎಂಬುದನ್ನು ಅವರಿಗಿಂತ ಚೆನ್ನಾಗಿ ಯಾರೂ ಹೇಳಲಾರರು.

ಬಿಮ್‌ಲಾಜಿಕ್‌ನ ಸ್ಮಾರ್ಟ್ ಅನೋಟೇಶನ್ ಮುಂತಾದ ಸಿದ್ಧ ಉತ್ಪನ್ನಗಳೂ ಮಾರುಕಟ್ಟೆಯಲ್ಲಿವೆ. ಟ್ಯಾಗ್‌ಗಳನ್ನು ಜೋಡಿಸಿಡುವುದೇ ನಿಮ್ಮ ಮುಖ್ಯ ಕಷ್ಟವಾಗಿದ್ದು, ಮಾಡೆಲ್‌ನ ಮಾಹಿತಿ ಈಗಾಗಲೇ ಸರಿಯಾಗಿದ್ದರೆ, ಆ ಕೆಲಸಕ್ಕೆಂದೇ ತಯಾರಾದ ಇಂಥ ಉತ್ಪನ್ನವನ್ನು ಮೊದಲು ಪರೀಕ್ಷಿಸಿ ನೋಡುವುದು ಒಳ್ಳೆಯದು. ಹಲವು ಪದ್ಧತಿಗಳ ನಡುವೆ ಓಡಾಡುವ, ಗ್ರಾಹಕರಿಗೊಂದು ನಿಯಮ ಇರುವ, ಬೇರೆಯವರು ತಯಾರಿಸಿದ ಮಾಡೆಲ್‌ಗಳನ್ನು ತಿದ್ದಿಕೊಳ್ಳಬೇಕಾದ ಕಚೇರಿಗಳಿಗೆ ಏಜೆಂಟ್ ಜೋಡಣೆಯನ್ನು ನಾನು ಶಿಫಾರಸು ಮಾಡುತ್ತೇನೆ. ಒಬ್ಬಿಬ್ಬರೇ ಇದ್ದು ಮನೆಗಳ ನಕ್ಷೆ ಮಾಡುವ ಕಚೇರಿಗೆ ಇದರ ಅಗತ್ಯ ಸದ್ಯಕ್ಕಿಲ್ಲ. ಅಲ್ಲಿ ‘ಟ್ಯಾಗ್ ಆಲ್’ ಒತ್ತಿ, ಸ್ವಲ್ಪ ಹೊತ್ತು ಕೈಯಿಂದ ಸರಿಸಿದರೆ ಕೆಲಸ ಮುಗಿಯುತ್ತದೆ.

ಸೇತುವೆ ತಯಾರಿಸುತ್ತಿರುವವರಲ್ಲಿ ನನ್ನ ಕೋರಿಕೆ ಒಂದೇ. ಏಜೆಂಟ್ ಮಾಡಹೊರಟಿರುವ ಬದಲಾವಣೆಗಳನ್ನು ಮಾಡೆಲ್‌ಗೆ ಬರೆಯುವ ಮೊದಲು ಒಂದು ಪಟ್ಟಿಯಾಗಿ ತೋರಿಸಲಿ: ಬಾಗಿಲು, ಈಗಿನ ಮಾರ್ಕ್, ಪ್ರಸ್ತಾವಿತ ಮಾರ್ಕ್, ಯಾವ ನಿಯಮದಿಂದ ಬಂತು ಎಂಬ ಕಾರಣ. ಪ್ರತಿ ಸಾಲಿನ ಮುಂದೆ ಒಪ್ಪುವ ಅಥವಾ ತಿರಸ್ಕರಿಸುವ ಅವಕಾಶವಿರಲಿ, ಸಾಲಿನ ಮೇಲೆ ಒತ್ತಿದರೆ ರೆವಿಟ್ ಆ ಬಾಗಿಲಿನ ಬಳಿಗೆ ಕರೆದೊಯ್ಯಲಿ. ಈಗ ನಾನು ಇದನ್ನು ಏಜೆಂಟ್‌ನಿಂದ ಎಕ್ಸೆಲ್ ಪಟ್ಟಿ ಬರೆಸಿಕೊಂಡು, ಪ್ರಾಜೆಕ್ಟ್ ಆರ್ಕಿಟೆಕ್ಟ್‌ಗೆ ಕಳುಹಿಸಿ, ಅವರು ಒಪ್ಪಿದ ಸಾಲುಗಳನ್ನು ಮಾತ್ರ ಮರಳಿ ಓದಿಸುವ ಮೂಲಕ ಸಾಧಿಸುತ್ತಿದ್ದೇನೆ.